ಅಪ್ಪನ ಬಗ್ಗೆ ಏನು ಹೇಳೋದು ಅಂತ ಅಮ್ಮನನ್ನ ಕೇಳಿದ್ರಾ?

ಅಪ್ಪ ಊರಿಗೆಲ್ಲ ಬೇಕಾದವರಾಗಿದ್ದರು, ಕೈ ಬಿಚ್ಚಿ ಕೊಟ್ಟವರು, ತಿಥಿ ದಿನ ಅವರ ಬಗ್ಗೆ ನಾಲ್ಕು ಮಾತು ಆಡಬೇಕು, ಏನು ಹೇಳಲಿ ಅಂತ ಕೇಳಿದ್ದೀರಿ. ನನ್ನ ಸೋದರಮಾವ ಹೋದಾಗ ಮೈಕು ನನ್ನ ಕೈಗೆ ಬಂದಿತ್ತು. ‘ಅಜಾತಶತ್ರು’, ‘ಕೊಡುಗೈ ದಾನಿ’ ಅಂತೆಲ್ಲ ಚೀಟಿ ಬರೆದುಕೊಂಡಿದ್ದೆ. ಓದಿ ನೋಡಿದರೆ ಎಲ್ಲಾ ಫ್ಲೆಕ್ಸ್ ಮೇಲೆ ಹಾಕೋ ಮಾತು, ಮಾವ ಅದರಲ್ಲಿ ಎಲ್ಲೂ ಇರಲಿಲ್ಲ.

ತಿಪಟೂರು ಕಡೆ ಅವರದು ಸಣ್ಣ ತೆಂಗಿನ ತೋಟ. ಉಂಡೆ ಕೊಬ್ಬರಿ ಗೊತ್ತಲ್ವಾ? ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗೆ ಗೊಡಗೊಡ ಅನ್ನಬೇಕು, ಆಮೇಲೆ ಸುಲಿದು ಒಡೆದು ಮಾರುಕಟ್ಟೆಗೆ. ಅಂದರೆ ಈ ವರ್ಷದ ಕಾಯಿಯ ದುಡ್ಡು ಕೈಗೆ ಬರೋದು ಮುಂದಿನ ವರ್ಷ. ಮಾವ ಅದನ್ನು ಈ ವರ್ಷವೇ ಕೊಟ್ಟು ಮುಗಿಸಿರುತ್ತಿದ್ದರು! ಯಾರದೋ ಮಗಳ ಕಾಲೇಜು ಫೀಸು, ಇನ್ಯಾರದೋ ಬೋರ್‌ವೆಲ್ ಮೋಟರ್ ರಿಪೇರಿ. ಒಬ್ಬನ ಸಾಲಕ್ಕೆ ಜಾಮೀನು ಹಾಕಿ, ಅವನು ಊರು ಬಿಟ್ಟ ಮೇಲೆ ಪೂರ್ತಿ ತಾವೇ ಕಟ್ಟಿದರು. ಅದನ್ನು ದೊಡ್ಡತನ ಅಂತ ನಾನು ಒಪ್ಪಲ್ಲ, ಅತ್ತೆಯ ಬಳೆ ಅಡವಿಟ್ಟು ಕಟ್ಟಿದ್ದು ಅದು.

ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಿನ ದಿನ ಇನ್ನೊಂದು ಕಥೆ. ಮಧ್ಯಾಹ್ನ ಇಬ್ಬರು ಮೂವರನ್ನು ಕರೆದುಕೊಂಡೇ ಬರುತ್ತಿದ್ದರು. ಗೇಟಿನಿಂದಲೇ ‘ಲೇ, ಇನ್ನೆರಡು ತಟ್ಟೆ ಹಾಕು’ ಅಂತ ಕೂಗು. ಸಾರಿಗಾದರೆ ಒಂದು ಚೊಂಬು ನೀರು ಹಾಕಿ ಕುದಿಸಬಹುದು, ಮುದ್ದೆಗೆ ಹಾಗಾಗಲ್ಲ. ಅತ್ತೆ ಮಾತಾಡದೆ ಮತ್ತೆ ಎಸರಿಟ್ಟು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದರು. ಬಂದವರೆಲ್ಲ ಉಂಡು, ‘ನಿಮ್ಮ ಮಾವನಂಥವರು ಸಿಗಲ್ಲ ಕಣಪ್ಪ’ ಅಂತ ನನಗೆ ಹೇಳಿ ಹೋಗುತ್ತಿದ್ದರು. ಒಳಗೆ ಅತ್ತೆ ಪಾತ್ರೆಗೆ ಅಂಟಿದ್ದನ್ನು ಕೆರೆದು ತಿನ್ನುತ್ತಿದ್ದುದು ನನಗೆ ಕಂಡಿತ್ತು, ಆಗ ಏನೂ ಅನ್ನಿಸಿರಲಿಲ್ಲ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಕಣ್ಣಿಂದ ನಾಲ್ವರಿಗೆ ದೃಷ್ಟಿ ಬಂತು ಅಂತ ಟಿವಿಯಲ್ಲಿ ನೋಡಿದ ಮಾವ ತಾವೂ ನೇತ್ರದಾನಕ್ಕೆ ಸಹಿ ಹಾಕಿ ಬಂದಿದ್ದರು. ಅವರು ಹೋದ ರಾತ್ರಿ ನಾವೆಲ್ಲ ಅಳುತ್ತಾ ನಿಂತಿದ್ದೆವು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟು, ‘ಆರು ಗಂಟೆಯೊಳಗೆ ತೆಗೀಬೇಕಂತೆ, ಬೇಗ ಫೋನ್ ಮಾಡು’ ಅಂದಿದ್ದು ಅತ್ತೆ. ಸಹಿ ಮಾವನದು, ಕೆಲಸ ಮಾತ್ರ ಎಂದಿನಂತೆ ಅವರದು.

ತಿಥಿಯ ಹಿಂದಿನ ರಾತ್ರಿ, ಏನು ಹೇಳಲಿ ಅಂತ ಅತ್ತೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಮೂವತ್ತು ವರ್ಷದಲ್ಲಿ ಒಂದಿನಾನೂ ಮೊದಲೇ ಹೇಳಿ ಜನ ಕರ್ಕೊಂಡ್ ಬರ್ಲಿಲ್ಲ ಅಂತ ಹೇಳು’ ಅಂದರು. ಚೀಟಿ ಬಿಟ್ಟು ಅದನ್ನೇ ಹೇಳಿದೆ. ಪೆಂಡಾಲ್ ಪೂರ್ತಿ ನಕ್ಕಿತು, ಆಮೇಲೆ ತುಂಬಾ ಜನ ಅತ್ತೆ ಕೂತಿದ್ದ ಕಡೆ ತಿರುಗಿ ನೋಡಿದರು.

ನೀವೂ ಇವತ್ತು ರಾತ್ರಿ ಅಮ್ಮನ ಹತ್ತಿರ ಕೂತು ಕೇಳಿ. ಬೈದರೂ ಬರೆದುಕೊಳ್ಳಿ. ಮಾತು ಮೂರು ನಿಮಿಷ ದಾಟಬೇಡಿ, ಎಲೆ ಹಾಕಿದ ಮೇಲೆ ಯಾರೂ ಕೇಳಲ್ಲ.