ಗಂಟೆ ಕೇಳುವುದು ಸೋಮಾರಿತನವೇ?

ಪತ್ರ: ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ಡಾಕ್ಟರ್ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಇಂಟರ್‌ವ್ಯೂಗಳನ್ನೆಲ್ಲ ಮುಗಿಸಿದ್ದೇನೆ. ಇನ್ನು ನನ್ನ ಇಷ್ಟದ ಪಟ್ಟಿ ಕೊಡಬೇಕು. ಮೊದಲ ಸ್ಥಾನಕ್ಕೆ ಎರಡು ಆಸ್ಪತ್ರೆಗಳಿವೆ. ಒಂದಕ್ಕೆ ದೊಡ್ಡ ಹೆಸರು, ಕೆಲಸವೂ ವಿಪರೀತವಂತೆ. ಅಲ್ಲಿನ ರೆಸಿಡೆಂಟ್‌ಗಳು ಆನ್‌ಲೈನ್‌ನಲ್ಲಿ ಸಿಕ್ಕಾಗ ಒಬ್ಬರು ‘ನಾವೆಲ್ಲ ಒಂದೇ ಮನೆಯವರ ಹಾಗೆ’ ಎಂದರು, ಉಳಿದವರು ಮಾತಾಡಲಿಲ್ಲ. ಇನ್ನೊಂದಕ್ಕೆ ಅಷ್ಟು ಹೆಸರಿಲ್ಲ, ಆದರೆ ಅಲ್ಲಿಯವರು ಮನಸ್ಸು ಬಿಚ್ಚಿ ಮಾತಾಡಿದರು. ಅಪ್ಪ ಸರ್ಜನ್. ‘ನಾವು 36 ಗಂಟೆ ನಿಂತವರು, ನಿಮಗೇನಾಗಿದೆ?’ ಅನ್ನುತ್ತಾರೆ. ಕೆಲಸದ ಗಂಟೆ ವಿಚಾರಿಸಿದರೆ ಸೋಮಾರಿ ಅಂದುಕೊಳ್ಳುವುದಿಲ್ಲವೇ? (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ರೋಗಿಗಳನ್ನು ನೋಡದೆ ಯಾರೂ ಡಾಕ್ಟರ್ ಆಗುವುದಿಲ್ಲ. ಪಾಳಿ ಬದಲಾದಾಗ ರೋಗಿಯ ವಿವರ ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಏನಾದರೂ ಸೋರಿಹೋಗುತ್ತದೆ, ಅದೂ ನಿಜ. ಗಂಟೆಯ ಮಿತಿಯನ್ನು ಸಡಿಲಿಸಿ ಅಮೆರಿಕದಲ್ಲಿ ದೊಡ್ಡ ಅಧ್ಯಯನಗಳೇ ನಡೆದವು. ಉದ್ದ ಪಾಳಿಯಿಂದ ರೋಗಿಗಳ ಸಾವು ಜಾಸ್ತಿಯಾಗಿದ್ದು ಅವುಗಳಲ್ಲಿ ಕಾಣಲಿಲ್ಲ. ಇಷ್ಟನ್ನು ಒಪ್ಪಿದ್ದೇನೆ. ಇನ್ನು ನನ್ನ ಸರದಿ.

ಕೆಲವು ವರ್ಷಗಳ ಹಿಂದೆ ಅಮ್ಮನ ಜೊತೆ ಒಂದು ಆಸ್ಪತ್ರೆಯಲ್ಲಿ ರಾತ್ರಿ ಕೂತಿದ್ದೆ. ಮಂಚದ ಕಾಲ ಬಳಿ ನಿಂತು ಒಬ್ಬ ಎಳೆಯ ಡಾಕ್ಟರ್ ಕೇಸ್ ಶೀಟ್ ಬರೆಯುತ್ತಿದ್ದಳು. ‘ಶುಗರ್ ಇದೆಯಾ?’ ಎಂದು ಮೂರನೇ ಸಲ ಕೇಳಿದಳು. ನಾನು ಮೂರನೇ ಸಲ ಇಲ್ಲ ಎಂದೆ. ಬರೆಯುತ್ತಾ ಬರೆಯುತ್ತಾ ಪೆನ್ನು ನಿಧಾನವಾಗಿ ಕೆಳಕ್ಕೆ ಜಾರಿತು. ಒಂದು ಅಕ್ಷರದ ಬಾಲ ಹಾಳೆಯ ಅಂಚಿನವರೆಗೂ ಹೋಯಿತು. ನಿಂತಲ್ಲೇ ನಿದ್ದೆ! ಬೆಚ್ಚಿ ಕಣ್ಣು ಬಿಟ್ಟು, ಆ ಗೆರೆಯನ್ನು ನೋಡಿ, ಬೇಕಂತಲೇ ಎಳೆದಿದ್ದೇನೋ ಅನ್ನುವ ಹಾಗೆ ಅದರ ಮೇಲೆ ಇನ್ನೊಂದು ಗೆರೆ ಎಳೆದಳು. ಪಕ್ಕದಲ್ಲಿದ್ದ ನರ್ಸ್ ಮಾತಾಡಲಿಲ್ಲ. ಔಷಧಿಯ ಸಾಲಿನ ಮೇಲೆ ಸುಮ್ನೆ ಬೆರಳಿಟ್ಟರು. ಆ ಹುಡುಗಿ ನೋಡಿ, ಒಂದು ಸೊನ್ನೆ ಹೊಡೆದುಹಾಕಿದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವತ್ತಿಂದ ‘ನಾವು ನಿದ್ದೆ ಬಿಟ್ಟು ಕಲಿತವರು’ ಎಂದು ಯಾರಾದರೂ ಹೇಳಿದರೆ ನನಗೆ ಆ ಸೊನ್ನೆ ನೆನಪಾಗುತ್ತದೆ.

ಈ ನಿದ್ದೆಗೇಡಿನ ಮೂಲ ಹುಡುಕಿದರೆ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೋಗಬೇಕು. ಅದು ಬಾಗಿಲು ತೆರೆದದ್ದು 1889ರಲ್ಲಿ. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅಲ್ಲಿ ತರಬೇತಿಯ ಪದ್ಧತಿ ಕಟ್ಟಿದರು. ಶಿಷ್ಯರು ಆಸ್ಪತ್ರೆಯಲ್ಲೇ ವಾಸ. ರೆಸಿಡೆಂಟ್ ಎಂಬ ಹೆಸರಿನ ಅರ್ಥವೇ ಅದು. ಹಾಲ್‌ಸ್ಟೆಡ್ ಮಹಾ ಸರ್ಜನ್, ಎರಡು ಮಾತಿಲ್ಲ. ಆದರೆ ಕೊಕೇನನ್ನು ಅರಿವಳಿಕೆಯಾಗಿ ಪರೀಕ್ಷಿಸಲು ಹೋಗಿ ಅದರ ಚಟಕ್ಕೆ ಬಿದ್ದರು, ಆಮೇಲೆ ಮಾರ್ಫಿನ್‌ಗೆ. ಅಳತೆಗೋಲು ಇಟ್ಟವರ ಸ್ಥಿತಿಯೇ ಹೀಗಿತ್ತು ಎಂದು ನಿಮ್ಮ ತಂದೆಯವರಿಗೆ ಊಟ ಆದ ಮೇಲೆ ಮೆತ್ತಗೆ ಹೇಳಿ.

ಗಂಟೆಗೆ ಮಿತಿ ಬಂದದ್ದು ಡಾಕ್ಟರ್‌ಗಳಿಂದಲ್ಲ, ಒಬ್ಬ ತಂದೆಯಿಂದ. 1984ರ ಮಾರ್ಚ್‌ನಲ್ಲಿ ಲಿಬ್ಬಿ ಜಯಾನ್ ಎಂಬ 18ರ ಹುಡುಗಿ ಜ್ವರ ಅಂತ ನ್ಯೂಯಾರ್ಕಿನ ಆಸ್ಪತ್ರೆ ಸೇರಿದಳು, ಮರುದಿನ ಬೆಳಿಗ್ಗೆ ಬದುಕಿರಲಿಲ್ಲ. ಅವಳು ತೆಗೆದುಕೊಳ್ಳುತ್ತಿದ್ದ ಖಿನ್ನತೆಯ ಮಾತ್ರೆಯ ಜೊತೆ ಕೊಡಬಾರದಿದ್ದ ಪೆಥಿಡಿನ್ ಎಂಬ ನೋವಿನ ಔಷಧಿಯನ್ನು ಕೊಟ್ಟಿದ್ದರು. ನೋಡಿಕೊಳ್ಳುತ್ತಿದ್ದ ಇಂಟರ್ನ್‌ಗೆ ಆ ರಾತ್ರಿ ಬೇರೆ ರೋಗಿಗಳೂ ಹತ್ತಾರು. ಹುಡುಗಿಯ ಅಪ್ಪ ಸಿಡ್ನಿ ಜಯಾನ್ ಪತ್ರಕರ್ತ. (ನಮ್ಮ ವೃತ್ತಿಯವರೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತೇವೆ.) ಆತ ಬಿಡಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಇಡೀ ಅಮೆರಿಕಕ್ಕೆ ಅದು ಬರಲು 2003 ಆಗಬೇಕಾಯಿತು. ನ್ಯೂಯಾರ್ಕಿನ ನಿಯಮ ರೂಪಿಸಿದ ಸಮಿತಿಯ ಮುಖ್ಯಸ್ಥ ಬರ್ಟ್ರಂಡ್ ಬೆಲ್ ಮಾತ್ರ, ಗಂಟೆಗಿಂತ ದೊಡ್ಡ ವಿಷಯ ಹಿರಿಯರ ಮೇಲ್ವಿಚಾರಣೆ ಎಂದೇ ಹೇಳುತ್ತಾ ಬಂದರು. ಇದನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಯಾಕೆಂದರೆ ಕಾಗದದ ಮೇಲೆ ಎರಡೂ ಆಸ್ಪತ್ರೆ ಒಂದೇ. ಎರಡಕ್ಕೂ 80 ಗಂಟೆ, ಅದೂ ನಾಲ್ಕು ವಾರದ ಸರಾಸರಿ. ಎರಡು ವಾರ ನೂರು ನೂರು ಗಂಟೆ ದುಡಿಸಿ, ಇನ್ನೆರಡು ವಾರ ಅರವತ್ತು ಕೊಟ್ಟರೂ ಲೆಕ್ಕ ಸರಿ. ಒಂದೇ ಉಸಿರಿಗೆ 24 ಗಂಟೆ ಕೆಲಸ, ರೋಗಿಗಳನ್ನು ಒಪ್ಪಿಸಲು ಮೇಲೆ ಇನ್ನೂ 4. ಗಂಟೆ ಬರೆದುಕೊಳ್ಳುವವರು ರೆಸಿಡೆಂಟ್‌ಗಳೇ. ಹಾಗಾಗಿ ‘ಎಷ್ಟು ಗಂಟೆ’ ಎಂದು ಕೇಳಬೇಡಿ, ಎಂಬತ್ತು ಎಂಬ ಉತ್ತರ ಸಿದ್ಧವಾಗಿರುತ್ತದೆ. ‘80 ದಾಟಿದ ವಾರ ಏನು ಬರೆಯುತ್ತೀರಿ? ಬರೆದರೆ ಆಮೇಲೆ ಏನಾಗುತ್ತದೆ?’ ಎಂದು ಕೇಳಿ. ಉತ್ತರಕ್ಕಿಂತ ಅದಕ್ಕೆ ಮುಂಚಿನ ಮೌನವನ್ನು ಗಮನಿಸಿ.

ರಾತ್ರಿ ಎರಡಕ್ಕೆ ಹಿರಿಯ ಡಾಕ್ಟರನ್ನು ಎಬ್ಬಿಸಿದರೆ ಬೈಗುಳ ಬೀಳುತ್ತದಾ ಎಂದು ಮೊದಲ ವರ್ಷದವರನ್ನೇ ಕೇಳಿ. ಯಾರಾದರೂ ಕಾಯಿಲೆ ಬಿದ್ದರೆ ಅವರ ಪಾಳಿ ಯಾರ ತಲೆಗೆ ಬೀಳುತ್ತದೆ? ಹಾಗೆ ರಜೆ ಹಾಕಿದವರು ಮೊನ್ನೆ ಯಾರು, ಅವರ ಮೇಲೆ ಉಳಿದವರು ಎಷ್ಟು ದಿನ ಮುಖ ಊದಿಸಿಕೊಂಡರು? ನಡುವೆಯೇ ಬಿಟ್ಟುಹೋದವರು ಎಷ್ಟು ಜನ? ರಕ್ತ ತೆಗೆಯುವುದು, ರೋಗಿಯನ್ನು ಸ್ಕ್ಯಾನ್‌ಗೆ ತಳ್ಳಿಕೊಂಡು ಹೋಗುವುದು ಯಾರು? ಅದೂ ರೆಸಿಡೆಂಟೇ ಆದರೆ ನೀವು ಕಲಿಯಲು ಅಲ್ಲ, ಆಳಿನ ಖರ್ಚು ಉಳಿಸಲು ಹೋಗುತ್ತಿದ್ದೀರಿ. ಕೆಲಸ ಜಾಸ್ತಿ ಇರುವುದು ತಪ್ಪಲ್ಲ. ಯಾವ ಕೆಲಸ ಜಾಸ್ತಿ, ಅದನ್ನು ನೋಡಿ.

ಈಗ ನಿಮಗೊಂದು ಬೈಗುಳ. ನಿಮ್ಮ ಪತ್ರ ಮೂರು ಪುಟ. ಇಲ್ಲಿ ಕತ್ತರಿಸಿ ಹಾಕಿದ್ದೇನೆ. ಅದರಲ್ಲಿ ಎರಡೂವರೆ ಪುಟ ಮೊದಲ ಆಸ್ಪತ್ರೆಯ ಹೆಸರು, ರ‍್ಯಾಂಕು, ಅಲ್ಲಿಂದ ಫೆಲೋಶಿಪ್‌ಗೆ, ಅಂದರೆ ಮುಂದಿನ ವಿಶೇಷ ತರಬೇತಿಗೆ, ಎಲ್ಲೆಲ್ಲಿ ಹೋದರು ಅನ್ನುವುದು. ಬಾಯಿ ಬಿಡದ ರೆಸಿಡೆಂಟ್‌ಗಳಿಗೆ ಕೊಟ್ಟದ್ದು ಒಂದೇ ಸಾಲು. ದೂರದ ಬೆಟ್ಟ ನುಣ್ಣಗೆ. ‘ಮನೆಯವರ ಹಾಗೆ’ ಅನ್ನುವವರು ಮನೆಯ ಯಾರ ಹಾಗೆ ಅಂತ ಹೇಳುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಉಂಡ ಮೇಲೆ ಉಣ್ಣುವವರೂ ಮನೆಯವರೇ ಅಲ್ವಾ?

ಇದು ಆಸ್ಪತ್ರೆಗಷ್ಟೇ ಅಂಟಿದ ರೋಗವಲ್ಲ. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲಕ್ಕೆ, ರಾತ್ರಿಯಿಡೀ ಕೂತು ಬೆಳಿಗ್ಗೆಯೂ ಕೂತವನಿಗೆ ಭೇಷ್ ಅನ್ನುತ್ತಿದ್ದರು. ಅವನು ತಿದ್ದಿದ ಪುಟದಲ್ಲಿ ಎಷ್ಟು ತಪ್ಪು ಉಳಿದಿದೆ ಎಂದು ಎಣಿಸಿದವರಿಲ್ಲ. ಆಮೇಲೆ ಅವನೇ ಹಿರಿಯನಾಗಿ ಕಿರಿಯರನ್ನು ಕೂರಿಸಿದ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ತಾನು ಪಟ್ಟ ಪಾಡು ದಂಡ ಅಂತ ಒಪ್ಪಿಕೊಳ್ಳುವುದು ಎಂಥವರಿಗೂ ಕಷ್ಟ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೀವು ಕೊಡುವ ಇಷ್ಟದ ಪಟ್ಟಿಯನ್ನೂ ಆಸ್ಪತ್ರೆಗಳು ಕೊಡುವ ಪಟ್ಟಿಯನ್ನೂ ಕಂಪ್ಯೂಟರ್ ಹೊಂದಿಸುತ್ತದೆ, ಅದಕ್ಕೆ ‘ಮ್ಯಾಚ್’ ಅನ್ನುತ್ತಾರೆ. ಎಲ್ಲಿ ಮ್ಯಾಚ್ ಆಗುತ್ತದೋ ಅಲ್ಲಿಗೇ ಹೋಗಬೇಕು. ಸಂಬಳ, ಗಂಟೆ ಯಾವುದನ್ನೂ ಆಮೇಲೆ ಕೂತು ಚೌಕಾಸಿ ಮಾಡುವ ಹಾಗಿಲ್ಲ. ಇದು ಸರಿಯಲ್ಲ ಎಂದು 2002ರಲ್ಲಿ ಕೆಲವು ರೆಸಿಡೆಂಟ್‌ಗಳು ಕೋರ್ಟಿಗೆ ಹೋದರು. 2004ರಲ್ಲಿ ಅಮೆರಿಕದ ಸಂಸತ್ತು ಒಂದು ಪಿಂಚಣಿ ಕಾಯ್ದೆಯೊಳಗೆ ಒಂದು ಕಲಂ ತೂರಿಸಿ, ಮ್ಯಾಚ್ ವ್ಯವಸ್ಥೆಗೆ ಏಕಸ್ವಾಮ್ಯ ತಡೆಯುವ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ರೆಸಿಡೆನ್ಸಿಗೂ ಪಿಂಚಣಿಗೂ ಏನು ನೆಂಟಸ್ತಿಕೆ? ನನ್ನನ್ನು ಕೇಳಬೇಡಿ.

ನಿಮ್ಮ ಪರವಾಗಿರುವುದು ಒಂದೇ. ಮ್ಯಾಚ್‌ನ ಈಗಿನ ಲೆಕ್ಕಾಚಾರ ಅಭ್ಯರ್ಥಿಯ ಇಷ್ಟದಿಂದ ಶುರುವಾಗುತ್ತದೆ. 1990ರ ದಶಕದಲ್ಲಿ ಅದನ್ನು ತಿದ್ದಿ ಕೊಟ್ಟ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದ್ದರಿಂದ ಎಲ್ಲಿ ಸಿಕ್ಕೀತು ಎಂದು ಅಂದಾಜು ಮಾಡಿ ಬರೆಯಬೇಡಿ, ಎಲ್ಲಿ ಬೇಕೋ ಅದನ್ನೇ ಮೇಲೆ ಬರೆಯಿರಿ. ನನ್ನನ್ನು ಕೇಳಿದರೆ ಮನಸ್ಸು ಬಿಚ್ಚಿ ಮಾತಾಡಿದವರ ಕಡೆ. ಅದಕ್ಕೂ ಮೊದಲು ಎರಡೂ ಕಡೆಯ ಒಬ್ಬೊಬ್ಬ ರೆಸಿಡೆಂಟ್‌ಗೆ ಬೇರೆಯಾಗಿ ಫೋನ್ ಮಾಡಿ. ಎಷ್ಟು ದಿನಕ್ಕೆ ತಿರುಗಿ ಮಾಡಿದರು, ದನಿ ಹೇಗಿತ್ತು, ಅದನ್ನೂ ನೋಡಿ.

ಜುಲೈನಲ್ಲಿ ಕೆಲಸ ಶುರುವಾದ ಮೇಲೆ ಇನ್ನೊಂದು ಪತ್ರ ಬರೆಯಿರಿ. ನಿಮ್ಮ ತಂದೆಯವರೂ ಸಿಟ್ಟಿನಿಂದ ಬರೆಯಲಿ. ಅವರದ್ದನ್ನು ಮಾತ್ರ ಕತ್ತರಿಸುವುದಿಲ್ಲ.