ಓದುಗರ ಪ್ರಶ್ನೆ, ನಮ್ಮ ಉತ್ತರ: ಪೋರ್ಷೆ ಅಮೆರಿಕಕ್ಕೆ ಹೋದದ್ದು

ಪ್ರಶ್ನೆ: ಯುದ್ಧದಲ್ಲಿ ಸೋತು ಐದೇ ವರ್ಷವಾಗಿದ್ದ ಜರ್ಮನಿಯಿಂದ ಪೋರ್ಷೆಯಂತಹ ಸಣ್ಣ ಕಂಪನಿ ಅಮೆರಿಕದ ಮಾರುಕಟ್ಟೆಗೆ ಕಾಲಿಡುವ ಧೈರ್ಯ ಮಾಡಿದ್ದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ಧೈರ್ಯ ಕಂಪನಿಯದಲ್ಲ, ನ್ಯೂಯಾರ್ಕಿನ ಒಬ್ಬ ವ್ಯಾಪಾರಿಯದು. ಪೋರ್ಷೆ ಆಗಷ್ಟೇ ಆಸ್ಟ್ರಿಯಾದ ಗ್ಮುಂಡ್ ಎಂಬ ಊರನ್ನು ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟ್‌ನ ತ್ಸುಫೆನ್‌ಹೌಸನ್‌ಗೆ ಮರಳಿ, ರಾಯ್ಟರ್ ಎಂಬ ಬಾಡಿ ತಯಾರಕರ ಜಾಗದಲ್ಲಿ ಬಾಡಿಗೆಗಿದ್ದುಕೊಂಡು 1950ರ ಏಪ್ರಿಲ್‌ನಲ್ಲಿ ‘356’ ಎಂಬ ಮಾದರಿಯ ಅಲ್ಲಿನ ಮೊದಲ ಕಾರನ್ನು ಮುಗಿಸಿತ್ತು. ಒಟ್ಟು 500 ಕಾರು ಮಾರಾಟವಾದರೆ ಸಾಕು ಎಂಬಷ್ಟೇ ಅಂದಾಜು ಅವರದಾಗಿತ್ತು. ಕಾರಿನ ಹಿಂಭಾಗದಲ್ಲಿದ್ದದ್ದು ಫೋಕ್ಸ್‌ವ್ಯಾಗನ್‌ ಮೂಲದ, ಗಾಳಿಯಿಂದ ತಣಿಯುವ, 1.1 ಲೀಟರಿನ, ಸುಮಾರು 40 ಅಶ್ವಶಕ್ತಿಯ ಎಂಜಿನ್; ಅದೇ ವೇಳೆಗೆ ಅಮೆರಿಕದ ಕ್ಯಾಡಿಲ್ಯಾಕ್ 160 ಅಶ್ವಶಕ್ತಿಯ ವಿ-8 (ಎಂಟು ಸಿಲಿಂಡರಿನ) ಎಂಜಿನ್ ಹೊತ್ತು ಓಡುತ್ತಿತ್ತು. ಕಾಗದದ ಮೇಲೆ ಇದು ಹೋಲಿಕೆಗೇ ಬಾರದ ಪೈಪೋಟಿ.

ಆ ವ್ಯಾಪಾರಿಯ ಹೆಸರು ಮ್ಯಾಕ್ಸ್ ಹಾಫ್‌ಮನ್. ವಿಯೆನ್ನಾದಲ್ಲಿ ಕಾರು ವ್ಯಾಪಾರ ಮಾಡುತ್ತಿದ್ದು, ನಾಜಿಗಳಿಂದ ಪಾರಾಗಿ 1941ರಲ್ಲಿ ನ್ಯೂಯಾರ್ಕ್ ಸೇರಿದ ಆತ, ಯುದ್ಧಕಾಲದಲ್ಲಿ ಕಾರುಗಳೇ ಸಿಗದ್ದರಿಂದ ಕೃತಕ ಆಭರಣ ಮಾರಿ ಹಣ ಕೂಡಿಸಿ, 1947ರಲ್ಲಿ ಪಾರ್ಕ್ ಅವೆನ್ಯೂದಲ್ಲಿ ಯುರೋಪಿನ ಕಾರುಗಳ ಮಳಿಗೆ ತೆರೆದ. 1950ರ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಕಂಪನಿಯ ಮುಖ್ಯಸ್ಥ ಫೆರಿ ಪೋರ್ಷೆ ಅವರು ಅಮೆರಿಕದಲ್ಲಿ ವರ್ಷಕ್ಕೆ ಐದು ಕಾರು ಹೋದರೆ ಸಂತೋಷ ಎಂದಾಗ, ವಾರಕ್ಕೆ ಐದು ಮಾರಲಾಗದಿದ್ದರೆ ತನಗೆ ಆಸಕ್ತಿಯೇ ಇಲ್ಲ ಎಂದು ಹಾಫ್‌ಮನ್ ಉತ್ತರಿಸಿದನಂತೆ. ಕೊನೆಗೆ ಒಪ್ಪಂದವಾದದ್ದು ವರ್ಷಕ್ಕೆ 15 ಕಾರುಗಳಿಗೆ. 1951ರಲ್ಲಿ 32 ಕಾರುಗಳು ಮಾರಾಟವಾದವು. 1954ರ ಹೊತ್ತಿಗೆ ಸರಾಸರಿ ವಾರಕ್ಕೆ 11 ಹೋಗುತ್ತಿದ್ದವು.

ಹಾಫ್‌ಮನ್‌ಗೆ ತಿಳಿದಿದ್ದು, ಸ್ಟುಟ್‌ಗಾರ್ಟ್‌ಗೆ ಕಾಣದಿದ್ದದ್ದು ಇಷ್ಟು: ಯುದ್ಧ ಮುಗಿಸಿ ಇಂಗ್ಲೆಂಡಿನಿಂದ ಮರಳಿದ ಅಮೆರಿಕದ ಸೈನಿಕರು ಅಲ್ಲಿನ ಎಂಜಿ ಎಂಬ ಸಣ್ಣ ಸ್ಪೋರ್ಟ್ಸ್ ಕಾರುಗಳ ರುಚಿ ಹತ್ತಿಸಿಕೊಂಡಿದ್ದರು, ವಾಟ್ಕಿನ್ಸ್ ಗ್ಲೆನ್‌ನಂತಹ ಕಡೆ ಹವ್ಯಾಸಿಗಳ ರೇಸುಗಳು ಶುರುವಾಗಿದ್ದವು. ಆ ಗಿರಾಕಿಗಳಿಗೆ ಅಶ್ವಶಕ್ತಿಗಿಂತ, ತಿರುವಿನಲ್ಲಿ ಚಾಲಕನ ಮಾತು ಕೇಳುವ ಹಗುರವಾದ ಕಾರು ಬೇಕಿತ್ತು.

ಪ್ರಶ್ನೆ: ಇಲ್ಲಿನ ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಸ್ಪೀಡ್‌ಸ್ಟರ್ ಎಂಬ ಪೋರ್ಷೆಯನ್ನು ತುಂಬಾ ಕೊಂಡಾಡುತ್ತಾರೆ. ಅದು ಅಮೆರಿಕಕ್ಕೆಂದೇ ಮಾಡಿದ ಕಾರೆ?
– ಓದುಗರೊಬ್ಬರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಹೌದು, ಮತ್ತು ಅದು ಎರಡನೆಯ ಪ್ರಯತ್ನ. 1952ರಲ್ಲಿ ‘ಅಮೆರಿಕ ರೋಡ್‌ಸ್ಟರ್’ ಎಂಬ ಅಲ್ಯೂಮಿನಿಯಂ ಬಾಡಿಯ ತೆರೆದ ಕಾರು ಬಂದಿತ್ತು. ಹಗುರವಾಗಿತ್ತು, ರೇಸಿನಲ್ಲೂ ಚುರುಕಾಗಿತ್ತು. ಆದರೆ ತಯಾರಿಕೆಯ ವೆಚ್ಚ ವಿಪರೀತವಾಗಿ, ಹದಿನೈದು ಹದಿನಾರು ಕಾರುಗಳಿಗೇ ನಿಂತುಹೋಯಿತು. ಆಗ ಹಾಫ್‌ಮನ್, ಮೂರು ಸಾವಿರ ಡಾಲರಿನೊಳಗೆ ಸಿಗುವ ಕಾರು ಬೇಕೆಂದು ಪಟ್ಟು ಹಿಡಿದ. ಕ್ಯಾಲಿಫೋರ್ನಿಯಾದ ಮಾರಾಟಗಾರ ಜಾನ್ ಫಾನ್ ನಾಯ್ಮನ್ ಕೂಡ ದನಿಗೂಡಿಸಿದ. 1954ರಲ್ಲಿ ಬಂದ ಸ್ಪೀಡ್‌ಸ್ಟರ್‌ನ ಬೆಲೆ 2995 ಡಾಲರ್.

ಬೆಲೆ ಇಳಿಸುವಾಗ ಪೋರ್ಷೆ ಎಲ್ಲಿ ಕೈ ಹಾಕಿತು, ಎಲ್ಲಿ ಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದಿನ ಗಾಜನ್ನು ಗಿಡ್ಡ ಮಾಡಿ ಬಿಚ್ಚುವಂತೆ ಜೋಡಿಸಿದರು. ಏರಿಳಿಸುವ ಕಿಟಕಿಗಳ ಬದಲು ಸಿಕ್ಕಿಸುವ ಪರದೆಗಳನ್ನು, ಮೆತ್ತನೆಯ ಆಸನಗಳ ಬದಲು ತೆಳುವಾದ ಬಕೆಟ್ ಆಸನಗಳನ್ನು, ಮೇಲೆ ತೆಳುವಾದ ಒಂದು ಹುಡ್ (ಬಟ್ಟೆಯ ಮಡಚುವ ಚಾವಣಿ) ಕೊಟ್ಟರು. ಎಂಜಿನ್, ಚಾಸಿ (ಕಾರಿನ ಅಡಿಗಟ್ಟು), ಬ್ರೇಕುಗಳ ಗುಣಮಟ್ಟವನ್ನು ಮುಟ್ಟಲಿಲ್ಲ. ತೆಗೆದುಹಾಕಿದ್ದೆಲ್ಲ ತೂಕವನ್ನೂ ಇಳಿಸಿದ್ದರಿಂದ ಬಡ ಮಾದರಿಯೇ ರೇಸಿಗೆ ಹೆಚ್ಚು ಒದಗುವ ಮಾದರಿಯಾಯಿತು. ಮಳೆಯ ಸ್ಟುಟ್‌ಗಾರ್ಟ್‌ನಲ್ಲಿ ಸಿಡುಕು ತರಿಸಬಹುದಾಗಿದ್ದ ಆ ಹುಡ್ ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಯಾರಿಗೂ ಬಾಧಕವಾಗಲಿಲ್ಲ. ವಾರವಿಡೀ ಕೆಲಸಕ್ಕೆ ಓಡಿಸಿ, ಶನಿವಾರ ಗಾಜು ಬಿಚ್ಚಿಟ್ಟು ರೇಸಿಗಿಳಿಯುವವರು ಅದನ್ನು ಕೊಂಡರು. ನಟ ಜೇಮ್ಸ್ ಡೀನ್ 1955ರ ಮಾರ್ಚ್‌ನಲ್ಲಿ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಸ್ಪರ್ಧಿಸಿದ್ದು ಇದರಲ್ಲೇ. (ಅಗ್ಗಕ್ಕೆಂದು ಹುಟ್ಟಿದ ಈ ಕಾರಿಗೆ ಇಂದಿನ ಹರಾಜುಗಳಲ್ಲಿ ಬರುವ ಬೆಲೆ ನೋಡಿದರೆ ನಗು ಬರುತ್ತದೆ.)

ಪ್ರಶ್ನೆ: ಹಾಗಾದರೆ ಸ್ಥಳೀಯ ವಿತರಕ ಹೇಳಿದ್ದನ್ನೆಲ್ಲ ಕಂಪನಿ ಕೇಳುವುದೇ ಸರಿಯೆ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಅಲ್ಲ. ಇದೇ ಹಾಫ್‌ಮನ್ ಬಿಎಂಡಬ್ಲ್ಯು ಕಂಪನಿಗೂ ಅಮೆರಿಕಕ್ಕೆಂದು ಒಂದು ತೆರೆದ ಸ್ಪೋರ್ಟ್ಸ್ ಕಾರು ಮಾಡಲು ಪ್ರೇರಣೆ ನೀಡಿದ. ಆಲ್ಬ್ರೆಕ್ಟ್ ಗೋರ್ಟ್ಸ್ ವಿನ್ಯಾಸ ಮಾಡಿದ ಬಿಎಂಡಬ್ಲ್ಯು 507ರಷ್ಟು ಚೆಲುವಾದ ಕಾರುಗಳು ಆ ದಶಕದಲ್ಲಿ ಕಡಿಮೆ. ಬೆಲೆ ಸುಮಾರು 5000 ಡಾಲರ್ ಇರಬೇಕೆಂಬುದು ಲೆಕ್ಕಾಚಾರವಾಗಿತ್ತು. ಆದರೆ ಕೈಯಿಂದ ತಟ್ಟಿ ರೂಪಿಸುವ ಅಲ್ಯೂಮಿನಿಯಂ ಬಾಡಿ ಮತ್ತು 3.2 ಲೀಟರಿನ ವಿ-8 ಎಂಜಿನ್ ಸೇರಿ ಬೆಲೆ 9000 ಡಾಲರ್ ದಾಟಿತು. ಸಾವಿರಾರು ಕಾರುಗಳ ಕನಸು ಸುಮಾರು 250ಕ್ಕೆ ಮುಗಿದು, ಮೊದಲೇ ಕಷ್ಟದಲ್ಲಿದ್ದ ಕಂಪನಿಯ ನಷ್ಟಕ್ಕೆ ಇದೂ ಸೇರಿತು. 1959ರಲ್ಲಿ ಬಿಎಂಡಬ್ಲ್ಯು ಮರ್ಸಿಡಿಸ್ ಕಾರುಗಳ ತಯಾರಕ ಡೈಮ್ಲರ್-ಬೆಂಜ್ ಪಾಲಾಗುವುದರಿಂದ ಕೂದಲೆಳೆಯಲ್ಲಿ ಉಳಿಯಿತು. ಗಿರಾಕಿಗೆ ಏನು ಬೇಕೆಂದು ಹಾಫ್‌ಮನ್ ಎರಡೂ ಸಲ ಸರಿಯಾಗಿಯೇ ಹೇಳಿದ್ದ. ಆ ಬೆಲೆಗೆ ತಯಾರಿಸುವ ದಾರಿ ಸ್ಪೀಡ್‌ಸ್ಟರ್‌ಗೆ ಇತ್ತು, ಏಕೆಂದರೆ ಅದರ ಮುಕ್ಕಾಲು ಭಾಗ ಆಗಲೇ ತಯಾರಾಗುತ್ತಿದ್ದ 356. 507ಕ್ಕೆ ಅಂತಹ ದಾರಿ ಇರಲಿಲ್ಲ.

ಪ್ರಶ್ನೆ: ಪೋರ್ಷೆಯ ಲಾಂಛನವೂ ಹಾಫ್‌ಮನ್‌ನ ಒತ್ತಾಯದಿಂದಲೇ ಹುಟ್ಟಿತೆಂದು ಕೇಳಿದ್ದೇನೆ, ನಿಜವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಹಾಫ್‌ಮನ್ ಕೇಳಿದಾಗ ಫೆರಿ ಪೋರ್ಷೆ ಊಟದ ಮೇಜಿನ ನ್ಯಾಪ್ಕಿನ್ ಮೇಲೆ ಗೀಚಿಕೊಟ್ಟರು ಎಂಬ ಕಥೆ ಪ್ರಚಲಿತದಲ್ಲಿದೆ. ಅಮೆರಿಕದ ಗಿರಾಕಿಗೆ ಎದ್ದು ಕಾಣುವ ಗುರುತೊಂದು ಬೇಕೆಂದು ಆತ ಕೇಳಿದ್ದಿರಬಹುದು; ಆದರೆ ಸ್ಟುಟ್‌ಗಾರ್ಟ್‌ನ ಕುದುರೆಯನ್ನೂ ಆ ಊರಿರುವ ವ್ಯುರ್ಟೆಂಬರ್ಗ್ ಪ್ರಾಂತ್ಯದ ಜಿಂಕೆಕೊಂಬುಗಳನ್ನೂ ಸೇರಿಸಿ ಆ ಗುರಾಣಿಯಾಕಾರದ ಲಾಂಛನವನ್ನು ರಚಿಸಿದವರು ಕಂಪನಿಯ ಎಂಜಿನಿಯರ್ ಫ್ರಾಂಟ್ಸ್ ಕ್ಸೇವರ್ ರೈಮ್‌ಶ್ಪೀಸ್. ಅದು ಮೊದಲು ಬಂದದ್ದು 1952ರಲ್ಲಿ, ಸ್ಟಿಯರಿಂಗ್ ಚಕ್ರದ ನಡುವೆ.