'ಪ್ರಯಾಣ ಮಾಡುತ್ತಿದ್ದೆ' ಅನ್ನೋಕೆ ಯಾವಾಗಲೂ 'ಐ ವಾಸ್ ಟ್ರಾವೆಲಿಂಗ್' ಸಾಕಾ?

ಸಾಲದು. ಪಾಸ್ಟ್ ಕಂಟಿನ್ಯೂಯಸ್ (ಹಿಂದೆ ನಡೀತಾ ಇದ್ದ ಕೆಲಸ ಹೇಳುವ ಇಂಗ್ಲಿಷ್ ರೂಪ) ಸೂತ್ರ ಬಾಯಿಪಾಠ ಮಾಡಿಕೊಂಡರೆ ಆಯ್ತು ಅಂದುಕೊಂಡಿದ್ದರೆ, ನಾನು ಒಪ್ಪಲ್ಲ. ಸೂತ್ರ ಎರಡು ನಿಮಿಷದ ಕೆಲಸ: ಐ, ಹಿ, ಶಿ, ಇಟ್ ಇದ್ದರೆ 'ವಾಸ್', ಯು, ವಿ, ದೇ ಇದ್ದರೆ 'ವರ್', ಆಮೇಲೆ 'ಟ್ರಾವೆಲಿಂಗ್'. ಎದುರಿಗಿರೋದು ಒಬ್ಬರೇ ಆದರೂ 'ಯು ವರ್'. ಎಡವೋದು ನಮ್ಮದೇ '-ತ್ತಿದ್ದೆ'ಯಲ್ಲಿ.

'ಫೋನ್ ಬಂದಾಗ ರೈಲಲ್ಲಿ ಹೋಗ್ತಿದ್ದೆ', 'ಚಿಕ್ಕಂದಿನಲ್ಲಿ ಪ್ರತಿ ರಜೆಗೂ ರೈಲಲ್ಲಿ ಹೋಗ್ತಿದ್ದೆ'. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ. ಆದರೆ ಮೊದಲನೆಯದು ಆ ಗಳಿಗೆಯಲ್ಲಿ ನಡೀತಿದ್ದ ಕೆಲಸ, ಎರಡನೆಯದು ರೂಢಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಐ ವಾಸ್ ಟ್ರಾವೆಲಿಂಗ್ ಬೈ ಟ್ರೇನ್ ವೆನ್ ದ ಫೋನ್ ರ‍್ಯಾಂಗ್'. ಫೋನ್ ಬಂದದ್ದು ಕ್ಷಣದ ಕೆಲಸ, ಅದು 'ರ‍್ಯಾಂಗ್' ಆಗಿಯೇ ಇರಲಿ. ಎರಡನೆಯದಕ್ಕೆ 'ಐ ಯೂಸ್ಡ್ ಟು ಟ್ರಾವೆಲ್ ಬೈ ಟ್ರೇನ್'. ಇಲ್ಲಿ 'ವಾಸ್ ಟ್ರಾವೆಲಿಂಗ್' ಹಾಕಿದರೆ ಕೇಳಿದವರು 'ಹೋಗ್ತಿದ್ದಾಗ ಏನಾಯ್ತು?' ಅಂತ ಮುಂದಿನ ಮಾತಿಗೆ ಕಾಯ್ತಾರೆ.

ಅನುಮಾನ ಬಂದರೆ ಕನ್ನಡ ವಾಕ್ಯಕ್ಕೆ 'ಮೊದಲೆಲ್ಲ' ಸೇರಿಸಿ ನೋಡಿ. ಒಗ್ಗಿದರೆ 'ಯೂಸ್ಡ್ ಟು'. 'ಆ ಹೊತ್ತಿನಲ್ಲಿ' ಒಗ್ಗಿದರೆ 'ವಾಸ್ ಟ್ರಾವೆಲಿಂಗ್'. ಒಟ್ಟು ಎಷ್ಟು ಸಲ ಹೋದಿರಿ ಅನ್ನೋ ಲೆಕ್ಕ ಇದ್ದರೆ ಎರಡೂ ಬೇಡ: 'ಐ ಟ್ರಾವೆಲ್ಡ್ ದೇರ್ ತ್ರೀ ಟೈಮ್ಸ್'.

ಒಂದು ವಿನಾಯಿತಿ ಇದೆ. ರೂಢಿ ಸ್ವಲ್ಪ ಕಾಲದ್ದಾಗಿದ್ದರೆ 'ದಟ್ ಇಯರ್ ಐ ವಾಸ್ ಟ್ರಾವೆಲಿಂಗ್ ಎ ಲಾಟ್' ಸರಿಯೇ. 'ಹಿ ವಾಸ್ ಆಲ್ವೇಸ್ ಟ್ರಾವೆಲಿಂಗ್' ಅನ್ನೋದೂ ಸರಿ, ಆದರೆ ಅದರಲ್ಲಿ 'ಮನೇಲಿ ಇದ್ದರೆ ತಾನೆ!' ಅನ್ನೋ ಗೊಣಗಾಟ ಸೇರಿಕೊಳ್ಳಬಹುದು.

'ಗೋಯಿಂಗ್' ಬಳಸುವಾಗ ಇನ್ನೂ ಹುಷಾರು. 'ಐ ವಾಸ್ ಗೋಯಿಂಗ್ ಟು ದ ಸ್ಟೇಷನ್' ಅಂದರೆ ದಾರಿಯಲ್ಲಿದ್ದೆ. 'ಐ ವಾಸ್ ಗೋಯಿಂಗ್ ಟು ಟ್ರಾವೆಲ್' ಅಂದರೆ ಹೋಗಬೇಕು ಅಂತಿದ್ದೆ. ಸಾಮಾನ್ಯವಾಗಿ ಹೋಗಲಿಲ್ಲ ಅಂತಲೇ ಅರ್ಥ ಮಾಡಿಕೊಳ್ತಾರೆ. ರಜೆ ಕೇಳುವ ಮೇಲ್‌ನಲ್ಲಿ ಇದು ತಿರುಗುಮುರುಗಾದರೆ ಕಷ್ಟ.

'ಐ ವಾಸ್ ಟ್ರಾವೆಲ್ಡ್' ಮಾತ್ರ ಯಾವ ಲೆಕ್ಕಕ್ಕೂ ಬರಲ್ಲ. ಇನ್ನು ಸ್ಪೆಲ್ಲಿಂಗ್: 'ಟ್ರಾವೆಲಿಂಗ್'ಗೆ ಬ್ರಿಟಿಷರು ಎರಡು ಎಲ್ ಹಾಕ್ತಾರೆ, ಅಮೆರಿಕನ್ನರು ಒಂದು. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.